ಒಮ್ಮೆಯೂ ಬಿಚ್ಚದ ಎಂಜಿನ್

ಹಳೆ ಕಾರುಗಳ ಸಂಘದವರು ನಮ್ಮ ಪ್ರೆಸ್ಸಿಗೆ ಹನ್ನೊಂದು ಫಲಕಗಳ ಬರಹ ಕಳಿಸಿದ್ದರು. ಬೆಂಜ್ ಕಾರಿನ ಚರಿತ್ರೆಯ ಪ್ರದರ್ಶನವಂತೆ, ಮೂರು ದಿನ, ದೊಡ್ಡ ಹಾಲಿನಲ್ಲಿ. ಕೊನೆಯ ದಿನ ಬೆಳಿಗ್ಗೆ ಹಳೆ ಬೆಂಜುಗಳೆಲ್ಲ ಸಾಲಾಗಿ ಬೆಟ್ಟದ ಮೇಲಿನ ಅತಿಥಿಗೃಹದವರೆಗೆ ಹತ್ತಿ ಇಳಿದು ಬರುತ್ತವಂತೆ. ಹದಿನೆಂಟು ವರ್ಷದಿಂದ ನಾನು ಈ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಕೂರಿಸುವವಳು. ಮದುವೆಯ ಕರೆಯೋಲೆ, ಔಷಧದ ಚೀಟಿ, ಚುನಾವಣೆಯ ಭರವಸೆ ಎಲ್ಲವನ್ನೂ ಕೂರಿಸಿದ್ದೇನೆ. ಬಂದದ್ದನ್ನು ಬಂದ ಹಾಗೆ ಅಚ್ಚಿಗೆ ಕಳಿಸಬೇಕು, ಕಾಗುಣಿತ ಮಾತ್ರ ನಮ್ಮದು, ಸತ್ಯ ಗಿರಾಕಿಯದು ಅಂತ ನಮ್ಮ ಯಜಮಾನರ ಕಟ್ಟಳೆ. ನಾನು ಅದಕ್ಕೆ ಒಗ್ಗಿಹೋಗಿದ್ದೆ.

ಹತ್ತು ಫಲಕ ಮುಗಿಯುವ ತನಕ ನನಗೇನೂ ಆಗಲಿಲ್ಲ. ಹನ್ನೊಂದನೆಯದನ್ನು ಓದಿ ಮೈಯೆಲ್ಲ ಉರಿದುಹೋಯಿತು.

ಅದರಲ್ಲಿ ಬೂದು ಬಣ್ಣದ ಒಂದು ಡೀಸೆಲ್ ಬೆಂಜಿನ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು: “ನಲವತ್ತೊಂದು ವರ್ಷ. ಈ ಎಂಜಿನ್ ಅನ್ನು ಇದುವರೆಗೆ ಒಮ್ಮೆಯೂ ಬಿಚ್ಚಿಲ್ಲ.”

ಒಮ್ಮೆಯೂ ಬಿಚ್ಚಿಲ್ಲವಂತೆ! ಆ ಎಂಜಿನ್ ನನ್ನ ಕಣ್ಣೆದುರಿಗೇ ನೆಲದ ಮೇಲೆ ಹರವಿಕೊಂಡು ಬಿದ್ದಿತ್ತು. ಆಗ ನಾನು ಮೂರನೇ ಕ್ಲಾಸು. ಚಿಕ್ಕಪ್ಪನ ಶೆಡ್ಡಿನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದರು. ತುಳಿದರೆ ಕಾಲು ಮುರೀತೀನಿ ಅಂತ ನನಗೆ ಎಚ್ಚರಿಕೆ ಬೇರೆ. ಕಾಲೇಜಿನಲ್ಲಿದ್ದಾಗ ಇನ್ನೊಮ್ಮೆ ಬಿಚ್ಚಿದ್ದರು. ನನ್ನ ಮಗಳು ಹುಟ್ಟಿದ ವಾರ ಮತ್ತೊಮ್ಮೆ. ಅದಕ್ಕೇ ಚಿಕ್ಕಪ್ಪ ಆಸ್ಪತ್ರೆಗೆ ಮೂರು ದಿನ ತಡವಾಗಿ ಬಂದಿದ್ದರು, ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು, ನರ್ಸು ಮಗುವನ್ನು ಮುಟ್ಟಲು ಬಿಡಲಿಲ್ಲ. ನನಗೆ ಗೊತ್ತಿರುವುದೇ ಮೂರು ಸಲ. ಇದನ್ನು ಬರೆದವರು ಯಾವ ಬಾಯಲ್ಲಿ ಒಮ್ಮೆಯೂ ಇಲ್ಲ ಅಂತಾರೆ?

ಚಿಕ್ಕಪ್ಪ ಅಂದರೆ ನನ್ನಪ್ಪನ ತಮ್ಮ. ಇಡೀ ಬೀದಿಗೆ ಅವರು ‘ಜರ್ಮನ್ ಚಿಕ್ಕಪ್ಪ’. ಜರ್ಮನಿಯನ್ನು ಅವರು ಕಂಡಿಲ್ಲ, ವಿಮಾನವನ್ನು ಹತ್ತಿರದಿಂದಲೂ ನೋಡಿಲ್ಲ. ಓದು ತಲೆಗೆ ಹತ್ತಲಿಲ್ಲ ಅಂತ ಅಜ್ಜ ಒಂದು ಟ್ಯಾಕ್ಸಿ ಕಂಪನಿಯ ಗ್ಯಾರೇಜಿಗೆ ಸೇರಿಸಿದ್ದರು. ಅಲ್ಲಿ ಇದ್ದದ್ದು ಆರು ಟ್ಯಾಕ್ಸಿ, ಆರೂ ಬೆಂಜ್. ಕಂಪನಿ ಮುಳುಗಿದ ಮೇಲೆ ರೈಲ್ವೆ ಗೇಟಿನ ಪಕ್ಕ ಸ್ವಂತ ಶೆಡ್ಡು ಹಾಕಿಕೊಂಡರು. ಬೇರೆ ಕಾರು ಬಂದರೆ ರಿಪೇರಿ ಮಾಡಿಕೊಡುತ್ತಿದ್ದರು, ಆದರೆ ಬೆಂಜ್ ಬಂದರೆ ಮೊದಲು ಕೈ ತೊಳೆದುಕೊಳ್ಳುತ್ತಿದ್ದರು. ಕೈ ತೊಳೆದುಕೊಂಡು ಮಸಿಗೆ ಕೈ ಹಾಕುವವರನ್ನು ನಾನು ಬೇರೆಲ್ಲೂ ನೋಡಿಲ್ಲ ಅಂತ ಚಿಕ್ಕಮ್ಮ ಹಂಗಿಸುತ್ತಿದ್ದಳು.

ಅವರ ಕೆಲಸದಲ್ಲಿ ಎರಡು ಪದ್ಧತಿಗಳಿದ್ದವು. ಒಂದು, ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೂ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು. ಗೆರೆಯ ಅರ್ಧ ಬೋಲ್ಟಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ಬೋಲ್ಟು ಒಂದು ಕೂದಲಷ್ಟು ಸಡಿಲವಾದರೂ ಗೆರೆ ಕತ್ತರಿಸಿಹೋಗುತ್ತದೆ, ಕಣ್ಣಿಗೆ ಕಾಣುತ್ತದೆ. ಇದು ಒಳ್ಳೇ ಪದ್ಧತಿ, ಇದರ ಮೇಲೆ ನನ್ನ ತಕರಾರಿಲ್ಲ.

ಎರಡನೆಯದರ ಮೇಲೆ ಇದೆ. ಕಾರಿನ ಒಡೆಯರ ಎದುರಿಗೆ ಅವರು ಎಂದೂ ಬಾನೆಟ್ ಎತ್ತುತ್ತಿರಲಿಲ್ಲ. “ಬಿಟ್ಟು ಹೋಗಿ, ಆಮೇಲೆ ಬನ್ನಿ” ಅನ್ನುತ್ತಿದ್ದರು. ಬಂದಾಗ ಏನಾಗಿತ್ತು ಅಂತ ಕೇಳಿದರೆ, “ಏನಿಲ್ಲ, ಸ್ವಲ್ಪ ದಣಿದಿತ್ತು. ಬೆಂಜ್ ಅಲ್ವಾ, ಕೆಡಲ್ಲ” ಅನ್ನುತ್ತಿದ್ದರು. ನಾಲ್ಕು ದಿನ ಬೆನ್ನು ಮುರಿದು ಎಂಜಿನ್ ಕೂರಿಸಿದ ಮೇಲೂ ಅದೇ ಮಾತು. ರಸೀದಿಯಲ್ಲೂ ‘ಸಾಮಾನ್ಯ ಸರ್ವಿಸ್’ ಅಂತಲೇ. ಚಿಕ್ಕಮ್ಮ ಎಷ್ಟೋ ಸಲ ತಲೆ ತಲೆ ಚಚ್ಚಿಕೊಂಡಳು.

ಇದಕ್ಕೂ ಒಂದು ಕಥೆ ಇದೆ. ಶೆಡ್ಡು ಹಾಕಿದ ಹೊಸದರಲ್ಲಿ ಒಬ್ಬ ಮರದ ವ್ಯಾಪಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರಂತೆ: ಎಂಜಿನ್ ತಲೆಯಲ್ಲಿ ಬಿರುಕು ಬಿಟ್ಟಿದೆ, ಬೆಸುಗೆ ಹಾಕಿದ್ದೀನಿ, ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂತ. ಆ ಮನುಷ್ಯನಿಗೆ ಅಂದಿನಿಂದ ಕಾರಿನ ಒಂದೊಂದು ಸದ್ದೂ ಬಿರುಕಿನ ಸದ್ದೇ ಆಯಿತು. ದಿನ ಬಿಟ್ಟು ದಿನ ಶೆಡ್ಡಿಗೆ ಬಂದ. ಕೊನೆಗೆ ಅದನ್ನು ಗುಜರಿಗೆ ಮಾರಿದ. ಗುಜರಿಯವನು ಸುತ್ತಿಗೆಯಲ್ಲಿ ಒಡೆಯುವುದನ್ನು ಚಿಕ್ಕಪ್ಪ ನಿಂತು ನೋಡಿದರಂತೆ. ಎಂಜಿನ್ ಆಗಲೂ ಚೆನ್ನಾಗಿತ್ತು. ಅವತ್ತಿನಿಂದ ಅವರು ಬಾಯಿಗೆ ಬೀಗ ಹಾಕಿಕೊಂಡರು.

ಬೂದು ಬೆಂಜ್ ಹಲ್ಲಿನ ಡಾಕ್ಟರಮ್ಮನದು. ಅವರಿಗೆ ಈಗ ಎಪ್ಪತ್ತು ದಾಟಿದೆ. ಕ್ಲಿನಿಕ್ಕು ಮುಚ್ಚಿಲ್ಲ, ಕಾರೂ ಬಿಟ್ಟಿಲ್ಲ. ಮೂವತ್ತೇಳು ವರ್ಷ ಆ ಕಾರು ಚಿಕ್ಕಪ್ಪನ ಕೈಯಲ್ಲೇ ಇತ್ತು. ಹದಿನಾಲ್ಕು ತಿಂಗಳ ಹಿಂದೆ ಡಾಕ್ಟರಮ್ಮ ಹಳೆ ಕಾರುಗಳ ಸಂಘ ಸೇರಿದರು. ಕಾರು ಸಂಘದ ಶೆಡ್ಡಿಗೆ ಹೋಯಿತು. ಮೂಲ ಸ್ಥಿತಿ ಕೆಡಬಾರದು, ಹೊರಗಿನವರು ಯಾರೂ ಮುಟ್ಟಬಾರದು ಅಂತ ಅಲ್ಲಿನ ಕಾರ್ಯದರ್ಶಿಯ ಅಪ್ಪಣೆ. ಡಾಕ್ಟರಮ್ಮ ವಾರಕ್ಕೊಮ್ಮೆ ಹೋಗಿ ಓಡಿಸಿ ಬರುತ್ತಿದ್ದರು, ಅಷ್ಟೇ.

ಭಾನುವಾರ ಬೆಳಿಗ್ಗೆ ಪ್ರೂಫ್ ಮಡಚಿಕೊಂಡು ನಾನು ಚಿಕ್ಕಪ್ಪನ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಚಿಕ್ಕಮ್ಮ ಬೀನ್ಸ್ ಕತ್ತರಿಸುತ್ತಿದ್ದಳು, ಇನ್ನೊಂದು ಕಡೆ ಚಿಕ್ಕಪ್ಪ ಹಳೇ ಟೈರಿನ ಟ್ಯೂಬಿನಿಂದ ಏನೋ ಗುಂಡಗೆ ಕತ್ತರಿಸುತ್ತಿದ್ದರು. ಇಬ್ಬರ ಕತ್ತರಿಕೆಯ ಚೂರುಗಳೂ ಬೆರೆತುಹೋಗಿದ್ದವು.

“ಓದಿ” ಅಂತ ಕಾಗದವನ್ನು ಅವರ ಮುಂದೆ ಹಾಕಿದೆ.

ಕನ್ನಡಕ ಏರಿಸಿ ಓದಿದರು. ನಾನು ಅವರು ಕೂಗಾಡುತ್ತಾರೆ ಅಂತ ಕಾಯುತ್ತಿದ್ದೆ. ಅವರು ಹೊಟ್ಟೆ ಕುಣಿಯುವ ಹಾಗೆ ನಕ್ಕರು.

“ನೋಡೇ, ನೋಡು! ನಲವತ್ತೊಂದು ವರ್ಷ ಅಂತೆ! ಒಂದು ಸಲಾನೂ ಬಿಚ್ಚಿಲ್ಲ ಅಂತೆ!” ಅಂತ ಚಿಕ್ಕಮ್ಮನಿಗೆ ತೋರಿಸಿದರು, ಮಗನ ಅಂಕಪಟ್ಟಿ ತೋರಿಸುವ ಹಾಗೆ.

“ಚಿಕ್ಕಪ್ಪ, ಇದು ಶುದ್ಧ ಸುಳ್ಳು.”

“ಸುಳ್ಳೇ ಕಣಮ್ಮ. ಆದ್ರೆ ಹೇಳಿದ್ದು ನಾನೇ ಅಲ್ವಾ? ಪಾಪ, ಡಾಕ್ಟರಮ್ಮ ಅದನ್ನೇ ಅವರಿಗೆ ಹೇಳಿದಾರೆ.”

“ನಿಮಗೆ ಸ್ವಲ್ಪಾನೂ ಸಿಟ್ಟು ಬರಲ್ವಾ? ನಿಮ್ಮ ಇಡೀ ಜೀವಮಾನದ ಕೆಲಸಾನ ಒಂದು ಸಾಲಲ್ಲಿ ಒರೆಸಿಹಾಕಿದಾರೆ!”

“ಯಾಕೆ ಬರಬೇಕು? ಬಿಚ್ಚಿದ್ದು ಗೊತ್ತೇ ಆಗಿಲ್ಲ ಅಂದ್ರೆ ಅಷ್ಟು ಚೆನ್ನಾಗಿ ಕೂರಿಸಿದೀನಿ ಅಂತ ಅರ್ಥ.”

ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕನೇ ಫಲಕವನ್ನೂ ತೆಗೆದು ಮುಂದಿಟ್ಟೆ. ಅದರಲ್ಲಿ ಬೆಂಜ್ ಕಂಪನಿಯ ಮೂಲಪುರುಷನ ಹೆಂಡತಿಯ ಪ್ರಯಾಣದ ಕಥೆ ಇತ್ತು. ಕಾರು ಅನ್ನುವುದನ್ನು ಜನ ಇನ್ನೂ ಆಟಿಕೆ ಅಂತ ನಗುತ್ತಿದ್ದ ಕಾಲ, 1888. ಆ ಹೆಂಗಸು ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕರೆದುಕೊಂಡು, ಮೂರು ಗಾಲಿಯ ಆ ಗಾಡಿ ಹತ್ತಿ, ನೂರು ಕಿಲೋಮೀಟರಿಗೂ ದೂರದ ತವರಿಗೆ ಹೊರಟುಬಿಟ್ಟಳು. ಈ ಕಥೆಯನ್ನು ನನಗೆ ಚಿಕ್ಕಂದಿನಲ್ಲಿ ಹೇಳಿದವರು ಚಿಕ್ಕಪ್ಪನೇ. ಟ್ಯಾಕ್ಸಿ ಕಂಪನಿಯ ಫೋರ್‌ಮನ್ ಅವರಿಗೆ ಹೇಳಿದ್ದನಂತೆ. ಚಿಕ್ಕಪ್ಪನ ಕಥೆಯಲ್ಲಿ ಆ ದಾರಿ ತುಂಬ ರಿಪೇರಿಯೇ. ಇಂಧನದ ಕೊಳವೆ ಕಟ್ಟಿಕೊಂಡಾಗ ಅವಳು ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸುತ್ತಾಳೆ. ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನೇ ಸುತ್ತುತ್ತಾಳೆ. ಸರಪಳಿಯನ್ನು ಒಬ್ಬ ಕಮ್ಮಾರ ಸರಿ ಮಾಡಿಕೊಡುತ್ತಾನೆ. ಇಳಿಜಾರಿನಲ್ಲಿ ಮರದ ಬ್ರೇಕ್ ಸವೆದು ಹಿಡಿಯದೇ ಹೋದಾಗ ದಾರಿಯಲ್ಲಿ ಬೂಟು ಹೊಲಿಯುವವನ ಹತ್ತಿರ ಅದಕ್ಕೆ ಚರ್ಮ ಹೊಡೆಸುತ್ತಾಳೆ. “ಬೆಂಜಿನ ಬ್ರೇಕಿಗೆ ಮೊದಲು ಚರ್ಮ ಹಾಕಿದೋನು ಬೂಟು ಹೊಲಿಯೋನು ಕಣಮ್ಮ” ಅಂತ ಚಿಕ್ಕಪ್ಪ ಪ್ರತಿ ಸಲವೂ ಎದೆ ಉಬ್ಬಿಸಿ ಹೇಳುತ್ತಿದ್ದರು, ಆ ಬೂಟಿನವನು ನಮ್ಮ ಹತ್ತಿರದ ನೆಂಟನೇನೋ ಅನ್ನುವ ಹಾಗೆ.

ಸಂಘದವರ ಫಲಕದಲ್ಲಿ ಏನಿತ್ತು ಗೊತ್ತೇ? “ಜಗತ್ತಿನ ಮೊದಲ ದೂರ ಪ್ರಯಾಣ. ಕಾರು ಯಶಸ್ವಿಯಾಗಿ ಗುರಿ ಮುಟ್ಟಿತು.” ಪಿನ್ನೂ ಇಲ್ಲ, ಪಟ್ಟಿಯೂ ಇಲ್ಲ, ಕಮ್ಮಾರನೂ ಇಲ್ಲ, ಬೂಟು ಹೊಲಿಯುವವನೂ ಇಲ್ಲ. ಕಾರು ತಾನಾಗಿ ಹೋಗಿ ತಲುಪಿತು!

ಬೇರೆ ಫಲಕಗಳ ಮೇಲೆ ನನಗೇನೂ ದೂರಿಲ್ಲ. ಮೂರು ಮೂಲೆಯ ನಕ್ಷತ್ರ ಅಂದರೆ ನೆಲ, ನೀರು, ಗಾಳಿ ಮೂರಕ್ಕೂ ಎಂಜಿನ್ ಮಾಡುತ್ತೇವೆ ಅಂತ. ಮರ್ಸಿಡಿಸ್ ಅನ್ನುವುದು ಒಬ್ಬ ವ್ಯಾಪಾರಿಯ ಮಗಳ ಹೆಸರು. 1926ರಲ್ಲಿ ಪೈಪೋಟಿಯ ಎರಡು ಕಂಪನಿಗಳು ಕೂಡಿಕೊಂಡು ಒಂದಾದವು. ಇದನ್ನೆಲ್ಲ ಕೂರಿಸುತ್ತ ನಾನೂ ಆಸೆಯಿಂದಲೇ ಓದಿದ್ದೆ. ಒಳ್ಳೇ ಕಾರೇ ಅದು, ಇಲ್ಲ ಅಂದವರು ಯಾರು? ಆದರೆ ಒಳ್ಳೇ ಕಾರು ಅನ್ನುವುದಕ್ಕೂ ಮನುಷ್ಯರ ಕೈಯೇ ಬೇಕಾಗಿಲ್ಲ ಅನ್ನುವುದಕ್ಕೂ ವ್ಯತ್ಯಾಸವಿಲ್ಲವೇ?

ನಾಲ್ಕನೇ ಫಲಕ ಓದಿ ಚಿಕ್ಕಪ್ಪನ ನಗು ಸ್ವಲ್ಪ ಇಳಿಯಿತು. “ಬೂಟಿನೋನ್ನ ಬಿಡಬಾರದಿತ್ತು” ಅಂದರು, ಅಷ್ಟೇ. ಮತ್ತೆ ಟ್ಯೂಬು ಕತ್ತರಿಸತೊಡಗಿದರು.

ಮಾತು ಬದಲಾಯಿಸಲು ನಾನು ಶುಕ್ರವಾರ ನಡೆದದ್ದನ್ನು ತಮಾಷೆಯಾಗಿ ಹೇಳಿದೆ. ಫೋಟೋ ಸರಿಯಾಗಿದೆಯೇ ಅಂತ ನೋಡಲು ಡಾಕ್ಟರಮ್ಮನೂ ಸಂಘದ ಕಾರ್ಯದರ್ಶಿಯೂ ಅದೇ ಕಾರಿನಲ್ಲಿ ಪ್ರೆಸ್ಸಿಗೆ ಬಂದಿದ್ದರು. ಡಾಕ್ಟರಮ್ಮ ಕೀ ತಿರುಗಿಸಿ, ಇಳಿದು, ಬಾಗಿಲು ಹಾಕಿ, ನಮ್ಮ ಮೆಟ್ಟಿಲು ಹತ್ತಿದರೂ ಎಂಜಿನ್ ಹಿಂದೆ ಗಡಗಡ ಅನ್ನುತ್ತಲೇ ಇತ್ತು. ಬೆಂಜಿಗೆ ನಿಲ್ಲೋದು ಅಂದ್ರೆ ಆಗಲ್ಲ ಅಂತ ಕಾರ್ಯದರ್ಶಿ ನಗೆಯಾಡಿದ್ದರು.

ಚಿಕ್ಕಪ್ಪ ಕತ್ತರಿ ಕೆಳಗಿಟ್ಟರು.

“ಎಷ್ಟು ಹೊತ್ತು ಓಡ್ತು?”

“ಹತ್ತು ಸೆಕೆಂಡ್ ಇರಬಹುದು. ಯಾಕೆ?”

“ಸರಿಯಾಗಿ ಹೇಳು.”

ಅವರ ದನಿ ಕೇಳಿ ಚಿಕ್ಕಮ್ಮನೂ ತಲೆಯೆತ್ತಿದಳು. ಚಿಕ್ಕಪ್ಪ ನನಗೆ ಬಿಡಿಸಿ ಹೇಳಿದರು. ಆ ಎಂಜಿನ್ ಜೊತೆಗೆ ಒಂದು ಸಣ್ಣ ಪಂಪು ತಿರುಗುತ್ತದೆ, ಅದರ ಕೆಲಸ ಗಾಳಿ ಹೀರುವುದು. ಕೀ ತಿರುಗಿಸಿದಾಗ ಎಂಜಿನ್ ನಿಲ್ಲಿಸುವುದು ಆ ಹೀರಿಕೆಯೇ. ಬ್ರೇಕ್ ತುಳಿದಾಗ ಕಾಲಿಗೆ ಬಲ ಕೊಡುವುದೂ ಅದೇ ಹೀರಿಕೆ. ಪಂಪಿನೊಳಗೆ ಒಂದು ರಬ್ಬರಿನ ಪೊರೆ ಇದೆ. ಹಳೇ ಕಾರು, ಹಳೇ ಪಂಪು, ಪೊರೆ ಬೇಗ ಸವೆಯುತ್ತದೆ. ಪ್ರತಿ ವರ್ಷ ಚಿಕ್ಕಪ್ಪ ಡಾಕ್ಟರಮ್ಮನಿಗೆ ಹೇಳದೆ ಕೇಳದೆ ಅದನ್ನು ಬದಲಾಯಿಸುತ್ತಿದ್ದರು. ಹೋದ ವರ್ಷ ಕಾರು ಬರಲಿಲ್ಲ, ಬದಲಾಯಿಸಲಿಲ್ಲ.

“ಕೀ ತಿರುಗಿಸಿದ ಮೇಲೂ ಓಡ್ತಿದೆ ಅಂದ್ರೆ ಹೀರಿಕೆ ಸೋರ್ತಿದೆ. ಊರೊಳಗೆ ಮೆಲ್ಲಗೆ ಓಡಿಸೋವಾಗ ಗೊತ್ತಾಗಲ್ಲ. ಬೆಟ್ಟದಿಂದ ಇಳಿಯೋವಾಗ ನಾಲ್ಕು ತಿರುವಲ್ಲಿ ನಾಲ್ಕು ಸಲ ತುಳಿದರೆ ಪೆಡಲು ಕಲ್ಲಾಗಿಬಿಡುತ್ತೆ. ಎಪ್ಪತ್ತು ದಾಟಿದ ಹೆಂಗಸಿನ ಕಾಲು.” ಬೆಟ್ಟಕ್ಕೆ ಹದಿನಾಲ್ಕು ತಿರುವು.

ಈಗಲಾದರೂ ಸತ್ಯ ಹೇಳುತ್ತಾರೆ ಅಂದುಕೊಂಡೆ. ಎಲ್ಲಿ! ಮಾರನೆಯ ದಿನ ನನ್ನೆದುರಿಗೇ ಕಾರ್ಯದರ್ಶಿಗೆ ಫೋನ್ ಮಾಡಿ, “ಒಂದರ್ಧ ಗಂಟೆ ಕಾರು ಕೊಡಿ ಸಾರ್, ಒಂದು ಸಲ ಮೈ ಒರೆಸಿ ಕೊಡ್ತೀನಿ” ಅಂದರು. ಕಾರ್ಯದರ್ಶಿ, “ಏನಾದ್ರೂ ಕೆಟ್ಟಿದೆಯಾ?” ಅಂತ ಕೇಳಿದರು. ಚಿಕ್ಕಪ್ಪನ ಬಾಯಿಂದ ಬಂದದ್ದು, “ಇಲ್ಲ ಇಲ್ಲ, ಬೆಂಜ್ ಅಲ್ವಾ.” ಕೆಟ್ಟಿಲ್ಲ ಅಂದ ಮೇಲೆ ಮುಟ್ಟುವುದು ಬೇಡ ಅಂತ ಅವರು ಫೋನ್ ಇಟ್ಟರು. ಮರುದಿನವೂ ಹಾಗೇ ಆಯಿತು. ಡಾಕ್ಟರಮ್ಮನ ಮನೆಗೆ ಫೋನ್ ಮಾಡಿದರೂ “ಸುಮ್ನೆ ಒಂದು ಸಾಮಾನ್ಯ ಸರ್ವಿಸ್” ಅಂದರೇ ಹೊರತು ಬ್ರೇಕ್ ಅನ್ನುವ ಮಾತು ನಾಲಗೆಯಿಂದ ಹೊರಡಲಿಲ್ಲ. ಮೆರವಣಿಗೆ ಮುಗಿಸಿ ತರುತ್ತೇನೆ ಅಂದರಂತೆ ಅವರು. ನಾನೇ ಹೇಳುತ್ತೇನೆ ಅಂದರೆ, ನಿನ್ನ ಮಾತು ಯಾರು ನಂಬ್ತಾರೆ, ಮೆಕ್ಯಾನಿಕ್ ನಾನು ಅಂತ ನನ್ನ ಮೇಲೇ ರೇಗಿದರು. ಅವರ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಮೂವತ್ತೇಳು ವರ್ಷ ಹೇಳಿದ ಸುಳ್ಳು ಈಗ ಸ್ವಂತ ಕಾಲಿಗೇ ತೊಡರಿಕೊಂಡಿತ್ತು.

ನಾನೇನು ಕಡಿಮೆಯವಳೇ! ಆ ಹನ್ನೊಂದನೇ ಫಲಕವನ್ನು ನಾನೇ ಅಚ್ಚಿಗೆ ಕಳಿಸಿದೆ. “ಇದು ಸುಳ್ಳು ಸಾರ್” ಅಂತ ಯಜಮಾನರಿಗೆ ಹೇಳಿದೆ. “ಕಾಗುಣಿತ ಸರಿ ಇದೆಯಾ?” ಅಂತ ಅವರು ಕೇಳಿದರು. ಇತ್ತು.

ಪ್ರದರ್ಶನದ ಎರಡನೇ ದಿನ ಮಧ್ಯಾಹ್ನ, ಮೆರವಣಿಗೆಗೆ ಇನ್ನೊಂದೇ ದಿನ ಇರುವಾಗ, ಚಿಕ್ಕಮ್ಮ ಊಟದ ತಟ್ಟೆಯನ್ನು ಚಿಕ್ಕಪ್ಪನ ಮುಂದಿನಿಂದ ಎತ್ತಿಟ್ಟುಬಿಟ್ಟಳಂತೆ. “ಹೋಗಿ ಹೇಳಿ ಬನ್ನಿ. ಆಮೇಲೆ ಊಟ. ಬಾಯಿ ಇರೋದು ಉಣ್ಣೋಕೆ ಮಾತ್ರ ಅಲ್ಲ” ಅಂದಳಂತೆ. ಅವರು ಪ್ರೆಸ್ಸಿಗೆ ಬಂದು ನನ್ನನ್ನು ಕರೆದರು. ಅವರ ಕೈಯಲ್ಲಿ ಹೊಸ ಪೊರೆ ಇದ್ದ ಸಣ್ಣ ಡಬ್ಬಿ ಇತ್ತು. ಇಬ್ಬರೂ ಹಾಲಿಗೆ ಹೋದೆವು.

ಹಾಲಿನಲ್ಲಿ ಕಾರುಗಳ ಸುತ್ತ ಕೆಂಪು ಹಗ್ಗ ಕಟ್ಟಿದ್ದರು. ಬೂದು ಬೆಂಜು ನಡುವೆ, ಅದರ ಪಕ್ಕ ನಾನು ಅಚ್ಚು ಹಾಕಿಸಿದ ಫಲಕ. ಡಾಕ್ಟರಮ್ಮ ಯಾರಿಗೋ ಕಾರು ತೋರಿಸುತ್ತಿದ್ದರು. ಚಿಕ್ಕಪ್ಪನನ್ನು ಕಂಡು ಮುಖ ಅರಳಿತು.

“ಬನ್ನಿ ಬನ್ನಿ! ನೋಡಿದ್ರಾ, ನಿಮ್ಮ ಮಾತೇ ಹಾಕಿಸಿದೀವಿ!”

“ಅದನ್ನ ನಂಬಬೇಡಿ ಅಮ್ಮ” ಅಂದರು ಚಿಕ್ಕಪ್ಪ. “ನಾಳೆ ಈ ಕಾರು ಬೆಟ್ಟಕ್ಕೆ ಹೋಗಬಾರದು. ಬ್ರೇಕ್ ಸರಿ ಇಲ್ಲ.”

ಕಾರ್ಯದರ್ಶಿ ಎಲ್ಲಿದ್ದರೋ ಏನೋ, ಬ್ರೇಕ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಓಡಿ ಬಂದರು. ಮೆತ್ತಗಿನ ಮನುಷ್ಯ, ಕೋಟಿನ ಮೇಲೆ ನಕ್ಷತ್ರದ ಬಿಲ್ಲೆ. “ಮೆಲ್ಲಗೆ ಮಾತಾಡಿ, ಜನ ಇದಾರೆ. ಕಾರು ನೋಡದೇನೇ ಹೇಗೆ ಹೇಳ್ತೀರಾ?”

“ಸ್ಟಾರ್ಟ್ ಮಾಡಿ ಅಮ್ಮ. ಆಮೇಲೆ ಕೀ ತಿರುಗಿಸಿ.”

ಡಾಕ್ಟರಮ್ಮ ಹಾಗೇ ಮಾಡಿದರು. ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡರೂ ಎಂಜಿನ್ ಓಡುತ್ತಲೇ ಇತ್ತು. ಈ ಸಲ ನಾನು ಎಣಿಸಿದೆ, ಹದಿನೇಳು. “ಈಗ ಮತ್ತೆ ಸ್ಟಾರ್ಟ್ ಮಾಡಿ ಬ್ರೇಕನ್ನ ಮೇಲಿಂದ ಮೇಲೆ ತುಳೀರಿ.” ಮೊದಲ ಸಲ ಪೆಡಲು ಇಳಿಯಿತು. ಎರಡನೇ ಸಲ ಅರ್ಧ. ಮೂರನೇ ಸಲ ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. “ಹೋಗ್ತಾನೇ ಇಲ್ಲ” ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಯಿ ಒಮ್ಮೆ ಬಿಟ್ಟ ಮೇಲೆ ಚಿಕ್ಕಪ್ಪನಿಗೆ ನಿಲ್ಲಿಸಲು ಆಗಲಿಲ್ಲ. ಬಾನೆಟ್ ಎತ್ತಿದರು. ಒಡೆಯರ ಎದುರಿಗೆ, ಸಾರ್ವಜನಿಕರ ಎದುರಿಗೆ! ಹಳದಿ ಗೆರೆಗಳನ್ನು ಒಂದೊಂದಾಗಿ ತೋರಿಸುತ್ತ ಹೋದರು. ಇದು ಎಂಜಿನ್ ತಲೆ ಎರಡನೇ ಸಲ ಇಳಿಸಿದಾಗಿನದು. ಇದು ಕ್ಯಾಮ್‌ಶಾಫ್ಟ್ ಬದಲಾಯಿಸಿದಾಗ. ಇದು ನೀರಿನ ಪಂಪು, ನಾಲ್ಕನೆಯದು. ಇದು ಹೀರಿಕೆಯ ಪಂಪು, ಒಂದು ವರ್ಷ ಇದರ ಪೊರೆಯನ್ನು ಟೈರಿನ ಟ್ಯೂಬಿನಿಂದ ಕತ್ತರಿಸಿ ಹಾಕಿದ್ದು. ಜನ ಹಗ್ಗದಾಚೆ ಗುಂಪುಗೂಡಿದರು. ಒಬ್ಬ ಹುಬ್ಬೇರಿಸಿ ಫಲಕವನ್ನೂ ಎಂಜಿನ್ ಅನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ.

ಕಾರ್ಯದರ್ಶಿಯ ಬಾಯಿಂದ ಬಂದ ಮೊದಲ ಮಾತು ಕೇಳಿ. ಒಬ್ಬ ಹೆಂಗಸಿನ ಪ್ರಾಣ ಉಳಿದಿದೆ, ಅದರ ಸುದ್ದಿಯೇ ಇಲ್ಲ. “ಹಾಗಾದ್ರೆ ಈ ಕಾರು ಒರಿಜಿನಲ್ ಅಲ್ಲ!” ಅಂದರು. “ಟ್ಯೂಬ್ ಕತ್ತರಿಸಿ ಹಾಕಿದೀರಾ? ಬೆಂಜಿಗೆ? ನೀವು ಈ ಕಾರನ್ನ ಹಾಳು ಮಾಡಿದೀರಿ!”

“ಸ್ವಾಮಿ, ಅದು ಪೊರೆ ಹೊರಗೆ ಸಿಗದೇ ಇದ್ದ ವರ್ಷ ಮಾತ್ರ” ಅಂತ ಚಿಕ್ಕಪ್ಪ ಶುರು ಮಾಡಿದರು. ನಾನು ಅಡ್ಡ ಬಾಯಿ ಹಾಕಿದೆ. ಆಗ ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಹಾಳು ಮಾಡಿದ್ದರೆ ಇದು ನಿಮ್ಮ ಹಾಲಿನವರೆಗೆ ಹೇಗೆ ಬರುತ್ತಿತ್ತು, ಹದಿನಾಲ್ಕು ತಿಂಗಳು ಬಟ್ಟೆ ಹೊದಿಸಿ ಇಟ್ಟುಕೊಂಡು ಬ್ರೇಕ್ ಸತ್ತದ್ದು ಕಾಣದ ನೀವು ಯಾರು ಹಾಳಿನ ಮಾತಾಡೋಕೆ ಅಂತ ಕೇಳಿದ್ದು ನೆನಪಿದೆ. ಜೋರಾಗಿಯೇ ಕೇಳಿದೆ. ಹಾಲಿನ ಆಚೆ ತುದಿಯ ಟಿಕೆಟ್ ಹುಡುಗಿ ಎದ್ದು ನಿಂತಿದ್ದಳು.

ಡಾಕ್ಟರಮ್ಮ ನನ್ನ ತೋಳು ಹಿಡಿದು ಸುಮ್ಮನಾಗಿಸಿದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದರು. ಅವರ ಸಿಟ್ಟು ನನ್ನದಕ್ಕಿಂತ ಕೆಟ್ಟದಾಗಿತ್ತು, ಯಾಕೆಂದರೆ ಅದರಲ್ಲಿ ಕೂಗಾಟವಿರಲಿಲ್ಲ.

“ನಲವತ್ತೈದು ವರ್ಷ ಜನರ ಬಾಯಿ ನೋಡಿದೀನಿ. ಹುಳುಕು ಹಲ್ಲಿಗೆ ಒಂದು ಸಲಾನೂ ಚೆನ್ನಾಗಿದೆ ಅಂತ ಹೇಳಿಲ್ಲ. ಕೆಲವರು ಅತ್ತಿದಾರೆ, ಕೆಲವರು ಬೈದಿದಾರೆ, ಆದ್ರೂ ಹೇಳಿದೀನಿ. ನೀವು ನನ್ನನ್ನ ಮಗು ಅಂದ್ಕೊಂಡ್ರಾ?”

“ಹೆದರ್ತೀರಿ ಅಂತ...”

“ನಾನು ಹೆದರೋದು ಬಿಡೋದು ನನ್ನಿಷ್ಟ. ಈ ಕಾರಲ್ಲಿ ಮೊಮ್ಮಕ್ಕಳನ್ನ ಕೂರಿಸ್ಕೊಂಡು ಓಡಾಡಿದೀನಿ ನಾನು.”

ಚಿಕ್ಕಪ್ಪ ತಲೆ ತಗ್ಗಿಸಿದರು. ಸಂಘದವರು ಅಂದಾಗ ಬಗ್ಗದಿದ್ದ ತಲೆ ಈಗ ಬಗ್ಗಿತು. ಡಾಕ್ಟರಮ್ಮ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

“ಕಾರು ಈಗಲೇ ನಿಮ್ಮ ಶೆಡ್ಡಿಗೆ ಬರುತ್ತೆ” ಅಂದರು ಅವರು. “ನೀವೇ ಓಡಿಸ್ಕೊಂಡು ಬನ್ನಿ, ಮೆಲ್ಲಗೆ. ನಾನೂ ಬರ್ತೀನಿ. ಪಕ್ಕದಲ್ಲೇ ಕೂತು ನೋಡ್ತೀನಿ. ಮೂವತ್ತೇಳು ವರ್ಷದಲ್ಲಿ ಏನೇನು ಮಾಡಿದ್ರಿ, ಪೂರ್ತಿ ಬರೆದುಕೊಡಬೇಕು. ಮತ್ತೆ ದಣಿದಿತ್ತು ಅಂದ್ರೆ ನನ್ನ ಕಾರು ಮುಟ್ಟಬೇಡಿ.”

ಹಗ್ಗ ಬಿಚ್ಚಿಸಿ ಕಾರು ಹೊರಗೆ ತೆಗೆದರು. ಕಾರ್ಯದರ್ಶಿ ಫಲಕವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು.

ಸಂಜೆಯ ಬಿಸಿಲು ಇನ್ನೂ ಇತ್ತು. ಶೆಡ್ಡಿನಲ್ಲಿ ಡಾಕ್ಟರಮ್ಮನಿಗೆ ಸ್ಟೂಲು ಹಾಕಿ ಕೂರಿಸಿದೆವು. ಚಿಕ್ಕಮ್ಮ ಚಹಾ ತಂದಳು, ಜೊತೆಗೆ ಚಿಕ್ಕಪ್ಪನ ಮಧ್ಯಾಹ್ನದ ಊಟವನ್ನೂ. ಅವರು ಊಟ ಮುಟ್ಟದೆ ಪಂಪು ಇಳಿಸಿದರು. ಹಳೇ ಪೊರೆ ತೆಗೆದು ಬೆಳಕಿಗೆ ಹಿಡಿದರು. ನಡುವೆ ಹೆಬ್ಬೆರಳಿನಷ್ಟು ಉದ್ದ ಸೀಳಿತ್ತು. ಡಾಕ್ಟರಮ್ಮ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು, ಆಮೇಲೆ ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು.

ನಾನು ಬರೆದುಕೊಳ್ಳುತ್ತಿದ್ದೆ. ಚಿಕ್ಕಪ್ಪ ಕೆಲಸ ಮಾಡುತ್ತಲೇ ಹೇಳುತ್ತಿದ್ದರು. ಮೊದಮೊದಲು ನಾಲಗೆ ತಡವರಿಸುತ್ತಿತ್ತು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ. ಬರಬರುತ್ತ ದನಿ ಏರಿತು. ಯಾವ ವರ್ಷ, ಯಾವ ಭಾಗ, ಎಲ್ಲಿಂದ ತರಿಸಿದ್ದು, ಯಾವುದನ್ನು ಲೇತ್ ಅಂಗಡಿಯಲ್ಲಿ ಕೂತು ಮಾಡಿಸಿದ್ದು. ಒಂದನ್ನೂ ಮರೆತಿರಲಿಲ್ಲ. ನಾಲ್ಕು ಹಾಳೆ ತುಂಬಿತು, ಇನ್ನೂ ಹದಿನೆಂಟನೇ ವರ್ಷದಲ್ಲೇ ಇದ್ದೆವು. “ಅಯ್ಯೋ, ಇಷ್ಟೆಲ್ಲ ಮಾಡಿದೀರಾ?” ಅಂತ ಡಾಕ್ಟರಮ್ಮ ಕೇಳಿದರು. ಅವರ ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಬೇರೆ ಏನೋ ಕೂಡ ಸೇರಿತ್ತು. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಎಷ್ಟೋ ವಿಷಯ ಅವಳಿಗೂ ಹೊಸದು.

ಆಗ ನನ್ನ ಮೊಬೈಲಿಗೆ ಸಂಘದ ಕಾರ್ಯದರ್ಶಿಯಿಂದ ಒಂದು ಫೋಟೋ ಬಂತು. ಬಿಳಿ ಬಣ್ಣದ ಬೆಂಜ್, ಅದೇ ಮಾಡೆಲ್. ಕೆಳಗೆ ಎರಡು ಸಾಲು: “ಹನ್ನೊಂದನೇ ಫಲಕದಲ್ಲಿ ಫೋಟೋ ಮಾತ್ರ ಬದಲಾಯಿಸಿ. ಬರಹ ಹಾಗೇ ಇರಲಿ. ಬೆಳಿಗ್ಗೆ ಎಂಟಕ್ಕೆ ಬೇಕು.”

ಬರಹ ಹಾಗೇ ಇರಲಿ! ನಾನು ಗಟ್ಟಿಯಾಗಿ ಓದಿದೆ. ಡಾಕ್ಟರಮ್ಮ ಥೂ ಅಂದರು. ಚಿಕ್ಕಪ್ಪ ಕೈ ಒರೆಸಿಕೊಂಡು ಫೋಟೋ ಇಸಿದುಕೊಂಡರು. ಬಾನೆಟ್ಟಿನ ಸಂದಿ, ಗಾಲಿಯ ನಿಲುವು, ಮುಂದಿನ ಬಂಪರು ಎಲ್ಲವನ್ನೂ ದೊಡ್ಡದು ಮಾಡಿ ನೋಡಿದರು.

“ಯಾರೋ ತುಂಬಾ ಚೆನ್ನಾಗಿ ನೋಡ್ಕೊಂಡಿದಾರೆ ಇದನ್ನ. ಒಳ್ಳೇ ಕೈ. ಯಾರು ಮೆಕ್ಯಾನಿಕ್ಕು ಅಂತ ಕೇಳು.”

ಫೋನ್ ಮಾಡಿ ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟೆ.

“ಸಾರ್, ಇದಕ್ಕೂ ನಲವತ್ತೊಂದು ವರ್ಷವಾ?”

“ಹೆಚ್ಚುಕಡಿಮೆ. ಅದನ್ನೆಲ್ಲ ಯಾರು ಕೇಳ್ತಾರೆ ಮೇಡಂ?”

“ಇದ್ರ ಮೆಕ್ಯಾನಿಕ್ ಯಾರು?”

“ಇದಕ್ಕೆ ಮೆಕ್ಯಾನಿಕ್ಕೇ ಬೇಕಾಗಿಲ್ಲ. ಇದ್ರ ಎಂಜಿನ್ ನಿಜವಾಗ್ಲೂ ಒಮ್ಮೆಯೂ ಬಿಚ್ಚಿಲ್ಲ. ಬೇಕಾದ್ರೆ ಕಾರಿನವರ ಮೆಕ್ಯಾನಿಕ್ಕನ್ನೇ ಕೇಳಿ, ಅವರೇ ಹೇಳಿದ್ದು. ಬೆಳಿಗ್ಗೆ ಬೆಟ್ಟಕ್ಕೆ ಇದೇ ಮುಂದೆ ಹೋಗುತ್ತೆ. ಎಂಟು ಗಂಟೆ, ಮರೀಬೇಡಿ.”

ಫೋನ್ ಇಟ್ಟುಬಿಟ್ಟರು. ಚಿಕ್ಕಪ್ಪನ ಮುಖ ನಾನು ಎಂದೂ ನೋಡದ ಹಾಗೆ ಕೆಂಪಾಗಿತ್ತು. ಇಷ್ಟೂ ದಿನ ನಾನು ಅವರ ಪರವಾಗಿ ಪಟ್ಟ ಸಿಟ್ಟು ಕೊನೆಗೂ ಅವರಿಗೇ ಬಂದಿತ್ತು.

“ಮತ್ತೆ ಫೋನ್ ಮಾಡು” ಅಂದರು. “ಆ ಮೆಕ್ಯಾನಿಕ್ಕನ ಮಾತು ನಂಬಬೇಡ ಅಂತ ಹೇಳು. ಅವನು ಸುಳ್ಳು ಹೇಳ್ತಿದಾನೆ ಅಂತ ಹೇಳು. ಬ್ರೇಕ್ ನೋಡಿಸದೆ ಆ ಕಾರನ್ನ ಬೆಟ್ಟ ಹತ್ತಿಸಬೇಡ ಅಂತ ಹೇಳು.”

ನಾನು ಮತ್ತೆ ನಂಬರು ಒತ್ತಿದೆ. ಅವರು ಎತ್ತಲಿಲ್ಲ. ಚಿಕ್ಕಪ್ಪ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು, ಮಸಿ ಬೆರಳಿನಲ್ಲಿ, ತಾವೇ ಒತ್ತತೊಡಗಿದರು.